ಚಳ್ಳಕೆರೆ ಬಿಸಿಲಿಗೆ ಹೈಡ್ರೋಜನ್ ಲೆಕ್ಕ

ಹಾರುವ ಬಲೂನು ಮಾರುವವರಿಲ್ಲದ ಜಾತ್ರೆ ಬಯಲುಸೀಮೆಯಲ್ಲಿ ಕಡಿಮೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರಿಗೆ ಬಂದ ಮಕ್ಕಳ ಕಣ್ಣು ಮೊದಲು ಬೀಳುವುದು ತೇರಿನ ಮೇಲಲ್ಲ, ದಾರ ಜಗ್ಗುತ್ತ ಮೇಲೆ ತೇಲುವ ಬಲೂನುಗಳ ಮೇಲೆ. ಅವುಗಳಿಗೆ ತುಂಬಬೇಕಾದದ್ದು ಹೀಲಿಯಂ. ಅದು ದುಬಾರಿ. ಹಾಗಾಗಿ ದೇಶದ ಎಷ್ಟೋ ಜಾತ್ರೆಗಳಲ್ಲಿ ಹಳೇ ಸಿಲಿಂಡರೊಂದಕ್ಕೆ ನೀರು, ಕಾಸ್ಟಿಕ್ ಸೋಡ, ಅಲ್ಯುಮಿನಿಯಂ ಚೂರು ಸುರಿದು ನಿಂತಲ್ಲೇ ಅನಿಲ ತಯಾರಿಸುತ್ತಾರೆ. ಆ ಅನಿಲ ಹೈಡ್ರೋಜನ್. ಸಿಲಿಂಡರ್ ಕಾದು, ಒತ್ತಡ ತಾಳದೆ ಸಿಡಿದು ಜನ ಸತ್ತ ಸುದ್ದಿ ಒಂದಲ್ಲ ಒಂದು ರಾಜ್ಯದಿಂದ ಬರುತ್ತಲೇ ಇರುತ್ತದೆ. ಕೈಯಲ್ಲೇ ಮಾಡಿದ ಹೈಡ್ರೋಜನ್ ಯಂತ್ರ ಈ ಸೀಮೆಗೆ ಹೊಸದೇನಲ್ಲ ಎಂದಾಯಿತು. ಅದರ ಅಪಾಯವೂ ಹೊಸದಲ್ಲ.

ಹೊಸದಾಗಿರುವುದು ಅದಕ್ಕೆ ಸೇರಿಕೊಂಡಿರುವ ಸೋಲಾರ್ ಪ್ಯಾನೆಲ್. ಮೊಬೈಲ್ ತೆರೆದರೆ ಸಾಕು, ಒಂದಿಷ್ಟು ಸ್ಟೀಲ್ ತಗಡು, ಪ್ಲಾಸ್ಟಿಕ್ ಡಬ್ಬಿ, ಪಿವಿಸಿ ಪೈಪು, ಮೇಲೊಂದು ಪ್ಯಾನೆಲ್ ಇಟ್ಟುಕೊಂಡು ನೀರನ್ನು ಒಡೆದು ಒಲೆ ಉರಿಸುವವರ ವಿಡಿಯೋಗಳು ಸಾಲುಗಟ್ಟುತ್ತವೆ. ಬಿಸಿಲು ಪುಕ್ಕಟೆ, ನೀರು ಪುಕ್ಕಟೆ, ಗ್ಯಾಸೂ ಪುಕ್ಕಟೆ ಎಂಬುದು ಅವರ ವಾದ. ಚಳ್ಳಕೆರೆ, ಮೊಳಕಾಲ್ಮೂರಿನಂಥ ಕಡೆ ಈ ಮಾತು ಬೇಗ ನಾಟುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಿವು. ಬಿಸಿಲೊಂದಕ್ಕೆ ಎಂದೂ ಬರ ಬಂದದ್ದಿಲ್ಲ. ಮಗ್ಗುಲಲ್ಲೇ ಪಾವಗಡದ ತಿರುಮಣಿ ಸುತ್ತಮುತ್ತ 13,000 ಎಕರೆಯಷ್ಟು ನೆಲದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹರಡಿಕೊಂಡಿದೆ. ಅಷ್ಟು ದೊಡ್ಡವರು ಬಿಸಿಲನ್ನು ದುಡ್ಡು ಮಾಡಿಕೊಂಡಿರುವಾಗ ನಾವು ಗ್ಯಾಸನ್ನಾದರೂ ಮಾಡಿಕೊಳ್ಳಬಾರದೇ ಎಂದು ಹುಡುಗನೊಬ್ಬ ಕೇಳಿದರೆ ಅದು ತಲೆಹರಟೆಯಲ್ಲ. ಉತ್ತರ ಕೊಡಬೇಕಾದ ಪ್ರಶ್ನೆಯೇ. ಆದರೆ ಉತ್ತರ ವಿಡಿಯೋದಲ್ಲಿಲ್ಲ, ಲೆಕ್ಕದಲ್ಲಿದೆ.

ಒಂದು ಕಿಲೋವಾಟ್ ಪ್ಯಾನೆಲ್, ಅಂದರೆ ಈಗಿನ ದೊಡ್ಡ ಪ್ಯಾನೆಲ್ ಎರಡು, ಈ ಸೀಮೆಯಲ್ಲಿ ದಿನಕ್ಕೆ ಸರಾಸರಿ 4 ಯುನಿಟ್ ವಿದ್ಯುತ್ ಕೊಡುತ್ತವೆ. ಒಂದು ಕೆ.ಜಿ. ಹೈಡ್ರೋಜನ್ ತಯಾರಿಸಲು ಕಾರ್ಖಾನೆಯಲ್ಲಿ ಮಾಡಿದ ಒಳ್ಳೆಯ ಎಲೆಕ್ಟ್ರೊಲೈಸರಿಗೇ (ನೀರನ್ನು ಒಡೆಯುವ ಯಂತ್ರ) 50ರಿಂದ 55 ಯುನಿಟ್ ಬೇಕು. ಎಂದರೆ ಇಡೀ ದಿನದ ಬಿಸಿಲಿಗೆ ಸಿಗುವುದು 73ರಿಂದ 80 ಗ್ರಾಂ. ಕೈಯಲ್ಲಿ ಜೋಡಿಸಿದ ಡಬ್ಬಿಯಲ್ಲಿ ಇದು ಇನ್ನೂ ಇಳಿಯುತ್ತದೆ. ಒಂದು ಕೋಶದಲ್ಲಿ, ಅಂದರೆ ಒಂದು ಜೋಡಿ ತಗಡಿನ ನಡುವೆ, ನೀರು ಒಡೆಯಲು ಸುಮಾರು 2 ವೋಲ್ಟ್ ಸಾಕು. ಒಂದೇ ಜೋಡಿ ತಗಡಿಗೆ 12 ವೋಲ್ಟ್ ಕೊಟ್ಟರೆ ಉಳಿದ ಹತ್ತು ವೋಲ್ಟ್ ನೀರನ್ನು ಬರೀ ಬಿಸಿ ಮಾಡುತ್ತದೆ. ಆರು ಕೋಶಗಳನ್ನು ಸಾಲಾಗಿ ಜೋಡಿಸಿದವರದ್ದೂ ತಗಡಿನ ಅಂತರ, ಸೋರಿಕೆ, ತುಕ್ಕು ಎಂದು ಲೆಕ್ಕ ಹಾಕಿದರೆ 50 ಗ್ರಾಂ ಬಂದರೆ ಪುಣ್ಯ.

ಈ 50 ಗ್ರಾಂ ಅಡುಗೆಗೆ ಸಾಕೇ? ಹೈಡ್ರೋಜನ್ ತೂಕಕ್ಕೆ ತೂಕ ಎಲ್‌ಪಿಜಿಗಿಂತ ಎರಡೂವರೆ ಪಟ್ಟು ಶಕ್ತಿ ಕೊಡುತ್ತದೆ. ಆದ್ದರಿಂದ 50 ಗ್ರಾಂ ಹೈಡ್ರೋಜನ್ ಎಂದರೆ ಸುಮಾರು 130 ಗ್ರಾಂ ಎಲ್‌ಪಿಜಿ. 14.2 ಕೆ.ಜಿ. ಸಿಲಿಂಡರನ್ನು ಒಂದೂವರೆ ತಿಂಗಳು ಬಳಸುವ ಮನೆಗೆ ದಿನಕ್ಕೆ 315 ಗ್ರಾಂ ಬೇಕು. ಅರ್ಧವೂ ಆಗಲಿಲ್ಲ. ಈಗ ಅದೇ 4 ಯುನಿಟ್ಟನ್ನು ನೇರ ಇಂಡಕ್ಷನ್ ಒಲೆಗೆ ಕೊಟ್ಟು ನೋಡಿ. ಗ್ಯಾಸ್ ಒಲೆಯಲ್ಲಿ ಉರಿಯ ಮೂರರಲ್ಲಿ ಒಂದು ಪಾಲು ಪಾತ್ರೆಯ ಪಕ್ಕದಿಂದಲೇ ಹೊರಟುಹೋಗುತ್ತದೆ. ಇಂಡಕ್ಷನ್‌ನಲ್ಲಿ ಶೇ 85ರಷ್ಟು ಪಾತ್ರೆಗೇ ಸೇರುತ್ತದೆ. ಆ ಮನೆಯ ಪೂರ್ತಿ ಅಡುಗೆಗೆ ಬೇಕಾದ ಬಿಸಿ ದಿನಕ್ಕೆ 2.6 ಯುನಿಟ್‌ನಷ್ಟು. ಎರಡು ಪ್ಯಾನೆಲ್ಲು ಇಂಡಕ್ಷನ್ ಮೂಲಕ 3.4 ಯುನಿಟ್ ಬಿಸಿ ಕೊಡುತ್ತವೆ. ಅನ್ನ, ಸಾರು, ಮುದ್ದೆ ಎಲ್ಲ ಆಗಿ ಕಾಫಿಗೂ ಮಿಗುತ್ತದೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯವರಿಗೆ ಹೀಗೆ ಹೇಳಬಹುದು: ಶೇಂಗಾ ಅರೆದರೆ ಎಣ್ಣೆಯ ಜೊತೆ ಹಿಂಡಿಯಾದರೂ ಉಳಿದು ದನಕ್ಕಾಗುತ್ತದೆ, ವಿದ್ಯುತ್ತನ್ನು ಗ್ಯಾಸು ಮಾಡುವಾಗ ಕಳೆದುಹೋದದ್ದು ಯಾವ ದನಕ್ಕೂ ಆಗುವುದಿಲ್ಲ.

ಅಡುಗೆ ಬೆಳಿಗ್ಗೆ ಮತ್ತು ಸಂಜೆ, ಬಿಸಿಲು ಮಧ್ಯಾಹ್ನ ಎಂಬ ತಕರಾರು ನ್ಯಾಯವಾದದ್ದೇ. ಅದಕ್ಕೂ ಹೈಡ್ರೋಜನ್ ಉತ್ತರವಲ್ಲ. ಬ್ಯಾಟರಿಗೆ ತುಂಬಿದ ವಿದ್ಯುತ್ತಿನಲ್ಲಿ ಶೇ 85ಕ್ಕೂ ಹೆಚ್ಚು ಮರಳಿ ಸಿಗುತ್ತದೆ. ಹೈಡ್ರೋಜನ್ ಮಾಡಿ, ಶೇಖರಿಸಿ, ಫ್ಯೂಯೆಲ್ ಸೆಲ್‌ನಲ್ಲಿ ಮತ್ತೆ ವಿದ್ಯುತ್ ಮಾಡಿದರೆ ಮೂರನೇ ಒಂದು ಪಾಲು ಉಳಿದರೆ ಹೆಚ್ಚು. ಶೇಖರಿಸುವುದಾದರೂ ಎಲ್ಲಿ? 50 ಗ್ರಾಂ ಹೈಡ್ರೋಜನ್ ಸಾಧಾರಣ ಒತ್ತಡದಲ್ಲಿ 600 ಲೀಟರ್ ಜಾಗ ತಿನ್ನುತ್ತದೆ. 200 ಲೀಟರಿನ ಮೂರು ಡ್ರಮ್ಮು. ಅದನ್ನು ಒತ್ತಿ ಸಿಲಿಂಡರಿಗೆ ತುಂಬಲು ಬೇರೆಯದೇ ಕಂಪ್ರೆಸರ್ ಬೇಕು, 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಲೈಸೆನ್ಸೂ ಬೇಕು. ಹಳೇ ಫ್ರಿಜ್ಜಿನ ಕಂಪ್ರೆಸರಿನಿಂದ ಈ ಕೆಲಸ ಮಾಡಿ ತೋರಿಸುವ ವಿಡಿಯೋಗಳೂ ಉಂಟು. ಅವನ್ನು ಮಾಡಿದವರ ಧೈರ್ಯ ಮೆಚ್ಚುವಂಥದ್ದಲ್ಲ.

ಇನ್ನು ನೀರು. ವಿಚಿತ್ರವೆಂದರೆ, ಈ ಬರದ ಸೀಮೆಯಲ್ಲೂ ಮನೆ ಮಟ್ಟದ ಹೈಡ್ರೋಜನ್‌ಗೆ ನೀರಿನ ಪ್ರಮಾಣ ಸಮಸ್ಯೆಯೇ ಅಲ್ಲ. ಒಂದು ಕೆ.ಜಿ. ಹೈಡ್ರೋಜನ್‌ಗೆ ಒಡೆಯುವ ನೀರು 9 ಲೀಟರ್. 50 ಗ್ರಾಂಗೆ ಅರ್ಧ ಲೀಟರೂ ಇಲ್ಲ. ಸಮಸ್ಯೆ ನೀರಿನ ಗುಣದ್ದು. ಚಳ್ಳಕೆರೆ, ಮೊಳಕಾಲ್ಮೂರಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು, ಗಡಸುತನ ಇರುವುದು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವ ಎಲ್ಲರಿಗೂ ಗೊತ್ತು. ಆ ನೀರನ್ನು ಹಾಗೇ ಸುರಿದರೆ ತಗಡಿನ ಮೇಲೆ ಸುಣ್ಣ ಕಟ್ಟುತ್ತದೆ. ಕರೆಂಟು ಸರಿಯಾಗಿ ಹರಿಯಲೆಂದು ಅಡುಗೆ ಉಪ್ಪು ಹಾಕಿದರಂತೂ ಒಂದು ತುದಿಯಲ್ಲಿ ಕ್ಲೋರಿನ್ ಬರುತ್ತದೆ, ಮೊದಲನೇ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅದೇ ಅನಿಲ. ಸ್ಟೀಲ್ ತಗಡಿನಿಂದ ಕ್ರೋಮಿಯಂ ಬಿಟ್ಟುಕೊಂಡು ನೀರು ಹಳದಿಗೆ ತಿರುಗಬಹುದು. ಆ ನೀರನ್ನು ಹಿತ್ತಲಿಗೆ ಚೆಲ್ಲಿದರೆ ಕ್ಯಾನ್ಸರ್ ತರುವ ವಿಷವನ್ನು ನೆಲಕ್ಕೆ ಇಳಿಸಿದಂತೆ. ಬಲ್ಲವರು ಬಳಸುವುದು ಡಿಸ್ಟಿಲ್ಡ್ ವಾಟರ್ ಮತ್ತು ಕಾಸ್ಟಿಕ್ ಪೊಟ್ಯಾಶ್. ಅದರ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೇ ಸಂಚಕಾರ.

ಎಲ್ಲಕ್ಕಿಂತ ಕೆಟ್ಟದ್ದು ಹೈಡ್ರೋಜನ್, ಆಕ್ಸಿಜನ್ ಎರಡೂ ಒಂದೇ ಪೈಪಿನಲ್ಲಿ ಬರುವ ಡಬ್ಬಿ. ಸಿಡಿಯಲು ಬೇಕಾದ ಗಾಳಿ ಅದರೊಳಗೇ ಇರುತ್ತದೆ, ಅದೂ ಸರಿಯಾದ ಪ್ರಮಾಣದಲ್ಲಿ. ಬರ್ನರಿನ ಬೆಂಕಿ ಪೈಪಿನೊಳಗೆ ಹಿಂದಕ್ಕೆ ಓಡಿ ಡಬ್ಬಿ ಮುಟ್ಟಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಎಲ್‌ಪಿಜಿ ಗಾಳಿಯಲ್ಲಿ ಸುಮಾರು ಶೇ 2ರಿಂದ 10ರ ನಡುವೆ ಇದ್ದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಹೈಡ್ರೋಜನ್ ಶೇ 4ರಿಂದ 75ರವರೆಗೆ ಎಲ್ಲಿದ್ದರೂ ಹೊತ್ತಿಕೊಳ್ಳುತ್ತದೆ, ಬಟ್ಟೆ ಉಜ್ಜಿದಾಗ ಹುಟ್ಟುವ ಕಿಡಿಯೂ ಅದಕ್ಕೆ ಸಾಕು. ಎಲ್‌ಪಿಜಿ ಸೋರಿದರೆ ಮೂಗಿಗೆ ಬಡಿಯಲೆಂದು ವಾಸನೆ ಬೆರೆಸಿರುತ್ತಾರೆ. ಹೈಡ್ರೋಜನ್‌ಗೆ ವಾಸನೆಯಿಲ್ಲ. ಅದರ ಜ್ವಾಲೆಯೂ ಹಗಲಲ್ಲಿ ಕಣ್ಣಿಗೆ ಕಾಣದು. ಅದರದ್ದು ಒಂದೇ ಒಳ್ಳೆಯ ಗುಣ: ಹಗುರಾದ್ದರಿಂದ ಬಯಲಿನಲ್ಲಿ ಬೇಗ ಮೇಲೇರಿ ಚದುರುತ್ತದೆ. ಆರ್‌ಸಿಸಿ ಮನೆಯ ಮುಚ್ಚಿದ ಅಡುಗೆಮನೆಯಲ್ಲಿ ಸೂರಿನ ಕೆಳಗೆ ಕೂಡಿಕೊಂಡು ಕಾಯುತ್ತದೆ.

ಇಂಥದೇ ಡಬ್ಬಿಯನ್ನು ಬೈಕಿಗೆ ಜೋಡಿಸಿ ಮೈಲೇಜ್ ಹೆಚ್ಚಿಸಿಕೊಳ್ಳುವ ಕಿಟ್‌ಗಳ ಬಗ್ಗೆ ಹೆಚ್ಚು ಮಾತು ಬೇಡ. ಆರು ಕೋಶಕ್ಕೆ 10 ಆಂಪಿಯರ್ ಕೊಟ್ಟರೆ ಗಂಟೆಗೆ ಎರಡು ಗ್ರಾಂ ಚಿಲ್ಲರೆ ಹೈಡ್ರೋಜನ್ ಬರುತ್ತದೆ. ಆ ಒಂದು ಗಂಟೆಯಲ್ಲಿ ಬೈಕು ಸುಡುವ ಲೀಟರ್ ಪೆಟ್ರೋಲಿನ ಶಕ್ತಿಗೆ ಹೋಲಿಸಿದರೆ ಇದು ಶೇ 1ರಷ್ಟೂ ಇಲ್ಲ, ಆ ಕರೆಂಟೂ ಪೆಟ್ರೋಲಿನಿಂದಲೇ ಹುಟ್ಟಿದ್ದು. ನೀರಿನಿಂದ ಗಾಡಿ ಓಡಿಸುವ ಆಸೆಗೆ ನಮ್ಮಲ್ಲಿ ಹಳೇ ಚರಿತ್ರೆಯಿದೆ. ತಮಿಳುನಾಡಿನ ರಾಮರ್ ಪಿಳ್ಳೈ 1996ರಲ್ಲಿ ಗಿಡಮೂಲಿಕೆ ಹಾಕಿ ನೀರನ್ನು ಪೆಟ್ರೋಲ್ ಮಾಡುವುದಾಗಿ ಹೇಳಿ ದೊಡ್ಡ ದೊಡ್ಡವರನ್ನೇ ನಂಬಿಸಿದ್ದರು. 2016ರಲ್ಲಿ ಚೆನ್ನೈನ ನ್ಯಾಯಾಲಯ ವಂಚನೆಯ ಪ್ರಕರಣದಲ್ಲಿ ಅವರಿಗೆ ಮೂರು ವರ್ಷ ಜೈಲು ವಿಧಿಸಿತು.

ಹಾಗಾದರೆ ಮನೆಯಲ್ಲಿ ಬಿಸಿಲಿನಿಂದ ಹೈಡ್ರೋಜನ್ ಮಾಡಿ ಬದುಕಿದವರೇ ಇಲ್ಲವೇ? ಇದ್ದಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮೈಕ್ ಸ್ಟ್ರಿಜ್ಕಿ ಎಂಬ ಎಂಜಿನಿಯರ್ 2006ರಲ್ಲಿ ತಮ್ಮ ಮನೆಯನ್ನು ಸೋಲಾರ್ ಮತ್ತು ಹೈಡ್ರೋಜನ್‌ಗೆ ತಿರುಗಿಸಿದರು. ಬೇಸಿಗೆಯಲ್ಲಿ ಮಿಕ್ಕ ವಿದ್ಯುತ್ತಿನಿಂದ ಹೈಡ್ರೋಜನ್ ಮಾಡಿ, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ದೊಡ್ಡ ಪ್ರೊಪೇನ್ ಟ್ಯಾಂಕುಗಳಲ್ಲಿ ತುಂಬಿ, ಚಳಿಗಾಲದಲ್ಲಿ ಬಳಸುವ ಏರ್ಪಾಡು. ಖರ್ಚು ಸುಮಾರು 5 ಲಕ್ಷ ಡಾಲರ್; ಅದರಲ್ಲಿ ಸರ್ಕಾರದ ಅನುದಾನವೂ ಸೇರಿತ್ತು. ಅವರ ಕೆಲಸ ಗಟ್ಟಿಯಾದದ್ದು. ಆದರೆ ಅದು ಹುಟ್ಟಿದ್ದು ಹಿಮ ಬೀಳುವ ಸೀಮೆಯ ಕಷ್ಟಕ್ಕೆ: ಜೂನ್ ತಿಂಗಳ ಬಿಸಿಲನ್ನು ಜನವರಿಗೆ ಎತ್ತಿಡಬೇಕಾದ ಕಷ್ಟ. ಚಳ್ಳಕೆರೆಯಲ್ಲಿ ಜನವರಿಯಲ್ಲೂ ಹಪ್ಪಳ ಒಣಗುತ್ತದೆ. ಇಲ್ಲಿ ಎತ್ತಿಡಬೇಕಾದದ್ದು ಮಧ್ಯಾಹ್ನದ ಬಿಸಿಲನ್ನು ರಾತ್ರಿ ಎಂಟು ಗಂಟೆಗೆ ಅಷ್ಟೇ, ಅದು ಬ್ಯಾಟರಿಯ ಕೆಲಸ.

ದೇಶದಲ್ಲಿ ಸೋಲಾರ್ ಹೈಡ್ರೋಜನ್ನಿನ ಅಳತೆ ಎಷ್ಟೆಂದು ತಿಳಿಯಲು ಅಸ್ಸಾಮಿನ ಜೋರ್ಹಾಟ್ ನೋಡಬೇಕು. ಆಯಿಲ್ ಇಂಡಿಯಾ ಕಂಪನಿ 2022ರ ಏಪ್ರಿಲ್‌ನಲ್ಲಿ ಅಲ್ಲಿ ಶೇ 99.999ರಷ್ಟು ಶುದ್ಧ ಹಸಿರು ಹೈಡ್ರೋಜನ್ ಘಟಕ ಆರಂಭಿಸಿತು. 500 ಕಿಲೋವಾಟ್ ಸೋಲಾರ್, 100 ಕಿಲೋವಾಟ್ ಎಲೆಕ್ಟ್ರೊಲೈಸರ್, ದಿನಕ್ಕೆ 10 ಕೆ.ಜಿ. ಹೈಡ್ರೋಜನ್. ಒಂದು ತೈಲ ಕಂಪನಿಯ ಹಣ, ಎಂಜಿನಿಯರುಗಳು, ಸುರಕ್ಷತೆ ಎಲ್ಲ ಸೇರಿ ಬಂದದ್ದು 10 ಕೆ.ಜಿ. ಮನೆ ಮಾಳಿಗೆಯ ಡಬ್ಬಿಯ ಕನಸು ಇದರ ಪಕ್ಕದಲ್ಲಿ ಎಷ್ಟು ಎತ್ತರ ನಿಲ್ಲುತ್ತದೆ?

ಹೈಡ್ರೋಜನ್ನೇ ಬೇಡ ಎಂದಲ್ಲ. ವಿದ್ಯುತ್ತು ನೇರವಾಗಿ ಮಾಡಲಾಗದ ಕೆಲಸಕ್ಕೆ ಅದು ಬೇಕು. ಎಣ್ಣೆ ವ್ಯಾಪಾರದವರಿಗೆ ಇದು ಬೇರೆಯವರಿಗಿಂತ ಮೊದಲೇ ತಿಳಿದಿತ್ತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ, ಎಣ್ಣೆಯನ್ನು ಹೈಡ್ರೋಜನ್‌ನಿಂದಲೇ ಗಟ್ಟಿ ಮಾಡಿದ್ದು, ನಿಕ್ಕಲ್ ಜೊತೆಗಿಟ್ಟು. ವನಸ್ಪತಿ ಕಾರ್ಖಾನೆಗಳು ಆ ಹೈಡ್ರೋಜನ್ನನ್ನು ತಮ್ಮ ಅಂಗಳದಲ್ಲೇ ನೀರು ಒಡೆದು ತಯಾರಿಸಿಕೊಳ್ಳುತ್ತಿದ್ದವು. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲಿ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರು ಒಡೆದು ಗೊಬ್ಬರ ಮಾಡಿದರು. ಕಲ್ಲಿದ್ದಲಿನ ಹೊಗೆಯಿಲ್ಲದೆ ಹುಟ್ಟಿದ ಹಸಿರು ಹೈಡ್ರೋಜನ್ ಅದು. ಆ ಹೆಸರು ಆಗ ಇರಲಿಲ್ಲ ಅಷ್ಟೆ. ಇಂದು ಮೊಳಕಾಲ್ಮೂರಿನಿಂದ ನೇರ ಉತ್ತರಕ್ಕಿರುವ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಗೆ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ಒದಗಿಸುವ ಯೋಜನೆಯನ್ನು ಆ ಸಮೂಹದ ವಿದ್ಯುತ್ ಕಂಪನಿ ಕೈಗೆತ್ತಿಕೊಂಡಿದೆ. ಅದಿರಿನಿಂದ ಆಕ್ಸಿಜನ್ ಬಿಡಿಸಲು ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬಳಸಿದರೆ ಹೊರಬರುವುದು ನೀರಾವಿ. ಆ ಕೆಲಸವನ್ನು ಇಂಡಕ್ಷನ್ ಒಲೆ ಮಾಡಲಾರದು.

2023ರ ಜನವರಿ 4ರಂದು ಕೇಂದ್ರ ಸಂಪುಟ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಇಟ್ಟಿದ್ದಾರೆ. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಅಷ್ಟಕ್ಕೂ ಒಡೆಯಬೇಕಾದ ನೀರು 1.6 ಟಿಎಂಸಿ ಮಾತ್ರ, 30 ಟಿಎಂಸಿಯ ವಾಣಿವಿಲಾಸ ಸಾಗರಕ್ಕೆ ಹೋಲಿಸಿದರೆ ಸಣ್ಣದು. ಶುದ್ಧೀಕರಣಕ್ಕೆ, ಯಂತ್ರ ತಂಪು ಮಾಡಲಿಕ್ಕೆ ಬೇಕಾದದ್ದು ಬೇರೆ. ಅದನ್ನು ಯಾವ ಊರಿನ ಕೊಳವೆಬಾವಿಯಿಂದ ಎತ್ತುತ್ತಾರೆ ಎಂಬ ಪ್ರಶ್ನೆ ಇಂಥ ತಾಲ್ಲೂಕುಗಳವರು ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಚಳ್ಳಕೆರೆ ತಾಲ್ಲೂಕಿನಲ್ಲೇ ಇರುವ, ವಿಜ್ಞಾನ ಸಂಸ್ಥೆಗಳ ನೆಲೆಯಾದ ಕುದಾಪುರದ ಮಾತು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿದೆ. ದನ ಕುರಿ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯವರೆಗೂ ಹೋರಾಡಿದರು. ಆ ನೆಲದಲ್ಲಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಯದ್ದು. ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ಅದೇ ರನ್‌ವೇ ಮೇಲೆ 2023 ಮತ್ತು 2024ರಲ್ಲಿ ಇಸ್ರೊದ ಮರುಬಳಕೆಯ ರಾಕೆಟ್ ವಿಮಾನ ಮೂರು ಸಲ ತಾನಾಗಿಯೇ ಇಳಿದು ತೋರಿಸಿತು. ಹೈಡ್ರೋಜನ್ ವಿಷಯದಲ್ಲಿ ಇಸ್ರೊಗೆ ಹೇಳಿಕೊಡಬೇಕಾದದ್ದಿಲ್ಲ. ಅದರ ಕ್ರಯೋಜೆನಿಕ್ ಎಂಜಿನ್ನುಗಳು ಉರಿಸುವುದು ದ್ರವ ಹೈಡ್ರೋಜನ್ನನ್ನೇ. 2024ರ ಜನವರಿಯಲ್ಲಿ ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತದ ಮೇಲೆ ಕೂರಿಸಿದ್ದ ಪುಟ್ಟ ಫ್ಯೂಯೆಲ್ ಸೆಲ್ ಅಂತರಿಕ್ಷದಲ್ಲಿ 180 ವಾಟ್ ವಿದ್ಯುತ್ ಕೊಟ್ಟಿತು.

ಇಷ್ಟೆಲ್ಲ ಬಲ್ಲವರು ಕಾವಲಿನ ಬೇಲಿಯೊಳಗೆ, ವಿಡಿಯೋ ನೋಡಿ ಡಬ್ಬಿ ಕಟ್ಟುವ ಹುಡುಗ ಬೇಲಿಯಾಚೆ. ಈ ಬರಹದ ತಕರಾರು ಹುಡುಗನ ಮೇಲಲ್ಲ. ಕುದಾಪುರದ ವಿಜ್ಞಾನ ಸಂಸ್ಥೆಯ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ಸಾವಿರಾರು ವಿಜ್ಞಾನ ಶಿಕ್ಷಕರು ತರಬೇತಿ ಪಡೆದಿದ್ದಾರೆ, ಒಳ್ಳೆಯ ಕೆಲಸವದು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲೇ ನೀರು ಒಡೆಯುವ ಪ್ರಯೋಗವಿದೆ: ಎರಡು ಪ್ರನಾಳ, ಎರಡು ಇಂಗಾಲದ ಕಡ್ಡಿ, ಒಂದು ಬ್ಯಾಟರಿ. ಒಂದು ಪ್ರನಾಳದಲ್ಲಿ ಇನ್ನೊಂದರ ಎರಡರಷ್ಟು ಅನಿಲ ಸೇರುವುದನ್ನು ಕಣ್ಣಾರೆ ಕಂಡ ಮಗು ನೀರಿನ ಸೂತ್ರವನ್ನು ಉರು ಹೊಡೆಯಬೇಕಾಗಿಲ್ಲ. ಮನೆ ಮಟ್ಟದ ಹೈಡ್ರೋಜನ್ ಇಷ್ಟಕ್ಕೇ ಇರಬೇಕು, ಒಂದು ಪ್ರನಾಳದಷ್ಟು. ಆ ಬ್ಯಾಟರಿಯ ಜಾಗಕ್ಕೆ ಚಿಕ್ಕ ಪ್ಯಾನೆಲ್ ಒಂದನ್ನು ಇಟ್ಟು, ಎಷ್ಟು ವಿದ್ಯುತ್ ಹೋಯಿತು, ಎಷ್ಟು ಅನಿಲ ಬಂತು ಎಂದು ಮಕ್ಕಳಿಂದಲೇ ಅಳೆಸಿದರೆ ಮೇಲಿನ ಲೆಕ್ಕವೆಲ್ಲ ಅವರೇ ಮಾಡಿಕೊಳ್ಳುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರಿನ ಪ್ರೌಢಶಾಲೆಗಳಿಗೆ ಇಂಥ ಪೆಟ್ಟಿಗೆ ಕೊಡಲು ರಾಕೆಟ್ ಇಳಿಸುವಷ್ಟು ಖರ್ಚಾಗದು.

ಹೈಡ್ರೋಜನ್ನಿಗೆ ಇನ್ನೊಂದು ದಾರಿ ಭಾರತೀಯ ವಿಜ್ಞಾನ ಸಂಸ್ಥೆಯ ಮನೆಯಲ್ಲೇ ಇದೆ. ಪ್ರೊ. ಎಸ್. ದಾಸಪ್ಪ ಅವರ ತಂಡ 2022ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಒಂದು ಕೆ.ಜಿ. ಜೈವಿಕ ಕಸದಿಂದ 100 ಗ್ರಾಂ ಹೈಡ್ರೋಜನ್ ಬರುತ್ತದೆ. ಕಸದಲ್ಲಿರುವ ಹೈಡ್ರೋಜನ್ 60 ಗ್ರಾಂ ಮಾತ್ರ. ಉಳಿದದ್ದು ಜೊತೆಗೆ ಹಾಯಿಸುವ ಹಬೆಯಿಂದ ಸಿಗುತ್ತದೆ. ಶೇಂಗಾ ಸೀಮೆಗೆ ಇದು ಕಿವಿ ನಿಮಿರಿಸಬೇಕಾದ ಸಂಗತಿ. ಶೇಂಗಾ ಕಾಯಿಯ ತೂಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಸಿಪ್ಪೆಯೇ. ಪಾಮೆಣ್ಣೆಯ ಪೈಪೋಟಿಗೆ ಮತ್ತು ಬರಕ್ಕೆ ಸಿಕ್ಕಿ ಸೊರಗಿದ ಚಳ್ಳಕೆರೆಯ ಗಿರಣಿಗಳ ಹಿಂದೆ ಆ ಸಿಪ್ಪೆ ಇನ್ನೂ ಬೀಳುತ್ತಿದೆ. ಬಾಯ್ಲರಿಗೆ ಹೋಗುವ ಸಿಪ್ಪೆಯಲ್ಲಿ ಒಂದಿಷ್ಟನ್ನು ಕುದಾಪುರದಲ್ಲೇ, ಅದನ್ನು ಅನಿಲ ಮಾಡುವ ಗ್ಯಾಸಿಫೈಯರಿಗೆ ಹಾಕಿ ನೋಡಬಾರದೇಕೆ? ಈ ಸಂಸ್ಥೆಗೆ ಹಳ್ಳಿಯ ಹೊಗೆ ಹೊಸದಲ್ಲ. 1974ರಲ್ಲಿ ಅಮೂಲ್ಯ ರೆಡ್ಡಿ ಕಟ್ಟಿದ ಅಸ್ತ್ರ ತಂಡದಿಂದ ಬಂದ ಅಸ್ತ್ರ ಒಲೆ ರಾಜ್ಯದ ಎಷ್ಟೋ ಅಡುಗೆಮನೆಗಳಲ್ಲಿ ಉರಿದಿದೆ. 1980ರ ದಶಕದ ಕೊನೆಗೆ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆಯ ಗ್ಯಾಸಿಫೈಯರ್‌ನಿಂದ ದೀಪ ಹೊತ್ತಿಸಿದವರೂ ಇವರೇ.

ಮನೆಗಳ ವಿಷಯಕ್ಕೆ ಬಂದರೆ, ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆಯ ಮೇಲಿನ ಒಂದು ಕಿಲೋವಾಟ್‌ಗೆ 30,000, ಮೂರು ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಗೃಹಜ್ಯೋತಿಯ ಉಚಿತ ವಿದ್ಯುತ್ತು ಹಿಂದಿನ ಸರಾಸರಿ ಬಳಕೆಗೆ ಕಟ್ಟಿದ್ದಾದ್ದರಿಂದ, ಇಂಡಕ್ಷನ್ ಒಲೆ ತಂದು ಬಳಕೆ ಏರಿಸಿಕೊಂಡ ಬಡ ಮನೆಗೆ ಬಿಲ್ಲು ಬರುವ ಭಯವಿದೆ. ಸಿಲಿಂಡರಿನ ದುಡ್ಡು ಉಳಿಸಲು ಜನ ಡಬ್ಬಿಯ ಕಡೆ ನೋಡುವುದಕ್ಕೆ ಇದೂ ಒಂದು ಕಾರಣವಾದೀತು. ಬಿಸಿಲು ಹೆಚ್ಚಿರುವ ತಾಲ್ಲೂಕುಗಳಲ್ಲಾದರೂ ಪ್ಯಾನೆಲ್ಲು, ಸಣ್ಣ ಬ್ಯಾಟರಿ, ಇಂಡಕ್ಷನ್ ಒಲೆ ಮೂರನ್ನೂ ಒಂದೇ ಯೋಜನೆಯಡಿ ಕೊಡುವ ಯೋಚನೆಯನ್ನು ಬೆಸ್ಕಾಂ ಮತ್ತು ಸರ್ಕಾರ ಮಾಡಬೇಕು. ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಬಣ್ಣದ ಹಂಡೆಗೆ ಬೇಕಾದ ಬಿಸಿನೀರಿಗಂತೂ ಪ್ಯಾನೆಲ್ಲೂ ಬೇಡ, ಮಾಳಿಗೆ ಮೇಲಿನ ಸೋಲಾರ್ ವಾಟರ್ ಹೀಟರ್ ಅರ್ಧ ದಾರಿ ಕಾಯಿಸಿ ಕೊಡುತ್ತದೆ.

ಡಬ್ಬಿ ಕಟ್ಟುವ ಕೈಗಳಿಗೂ ಕೆಲಸವಿದೆ. ಎಲೆಕ್ಟ್ರೊಲೈಸರ್ ತಯಾರಿಸುವ ಓಮಿಯಂ ಕಂಪನಿ 2021ರಿಂದ ಬೆಂಗಳೂರಿನ ಬಳಿ ಕಾರ್ಖಾನೆ ನಡೆಸುತ್ತಿದೆ. ತೋರಣಗಲ್ಲಿನಂಥ ಕಡೆ ಆ ಯಂತ್ರಗಳನ್ನು ಕೂರಿಸಲು, ಸೋರಿಕೆ ಹಿಡಿಯಲು, ನೀರು ಶುದ್ಧ ಮಾಡಲು ಮೆಕ್ಯಾನಿಕ್‌ಗಳು ಬೇಕು. ಚಿತ್ರದುರ್ಗ ಜಿಲ್ಲೆಯ ಐಟಿಐ ಹುಡುಗ ಹುಡುಗಿಯರಿಗೆ ಆ ತರಬೇತಿಯನ್ನು ಕುದಾಪುರದ 1,500 ಎಕರೆಯ ಒಂದು ಮೂಲೆಯಲ್ಲಿ, ಸುರಕ್ಷಿತ ಶೆಡ್ಡಿನಲ್ಲಿ, ಕನ್ನಡದಲ್ಲಿ ಕೊಡಲು ಸಂಸ್ಥೆಗೆ ಇರುವ ಅಡ್ಡಿಯೇನು ಎಂಬುದನ್ನು ಈ ಎರಡೂ ತಾಲ್ಲೂಕುಗಳ ಶಾಸಕರು ವಿಧಾನಸಭೆಯಲ್ಲಿ ಕೇಳಬಹುದು.